ಮುಂದೆ ನಡೆದವರು

ಕೊಳ್ಳೇಗಾಲದ ಕಡೆಯ ಬೆಟ್ಟಗಳಿಗೆ ಯಾಕೆ ಹೋಗ್ತೀರಿ ಎಂದು ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ನನ್ನ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ನಂದಿಬೆಟ್ಟಕ್ಕೆ ಭಾನುವಾರ ಹೋದರೆ ವಾಹನಗಳ ಸಾಲು, ಸ್ಕಂದಗಿರಿಯಲ್ಲಿ ನೂಕುನುಗ್ಗಲು, ಸಾವನದುರ್ಗದ ಬಂಡೆಯ ಮೇಲೂ ಜನವೋ ಜನ. ಆ ಕಡೆ ಯಾರೂ ಇಲ್ಲ, ಅದಕ್ಕೆ. ಕೇಳಿದವರು ತಲೆದೂಗುತ್ತಾರೆ. ಕೆಲವರು ನನಗೂ ಒಂದು ದಾರಿ ಹೇಳಿ ಅನ್ನುತ್ತಾರೆ. ಆಗ ನನಗೆ ಒಳಗೊಳಗೇ ಒಂದು ಹಿಗ್ಗು. ಈ ಹಿಗ್ಗು ಎಲ್ಲಿಂದ ಬರುತ್ತದೆ ಎಂದು ಬಹಳ ಕಾಲ ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ನಡಿಗೆಯ ಸುಖ ಕಡಿಮೆಯಾದೀತು ಎಂಬ ಅಂಜಿಕೆಯೂ ಇದ್ದಿರಬಹುದು.

ಆ ಕಡೆ ಯಾರೂ ಇಲ್ಲ ಅನ್ನುವುದು ಮೊದಲಿಗೇ ಸುಳ್ಳು. ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಸೋಲಿಗರ ಪೋಡುಗಳಿವೆ, ಅಂದರೆ ಅವರ ಹಾಡಿಗಳು. ಮಲೆ ಮಹದೇಶ್ವರ ಬೆಟ್ಟದ ಸುತ್ತ ಬೇಡಗಂಪಣರ ಹಳ್ಳಿಗಳಿವೆ. ಕಾವೇರಿ ವನ್ಯಧಾಮದ ಅಂಚಿನಲ್ಲಿ ದೊಡ್ಡಿಗಳಿವೆ, ದನ ಕುರಿ ಮೇಯಿಸುವವರಿದ್ದಾರೆ. ನಾನು ಹುಡುಕಿಕೊಂಡೆ ಎಂದು ಬೀಗಿದ ಒಂದೊಂದು ಕಾಲುದಾರಿಯೂ ಯಾರೋ ನೀರಿಗೆ, ಜೇನಿಗೆ, ನಂಟರ ಮನೆಗೆ ನಡೆದು ನಡೆದು ಆದದ್ದು. ಕೆಲವನ್ನು ಆನೆಗಳು ಮಾಡಿವೆ, ಅದು ನಿಜ. ಅವೂ ನನಗಾಗಿ ಮಾಡಿದ್ದಲ್ಲ.

ಹಾಗಾದರೆ ಯಾರೂ ಇಲ್ಲ ಅಂದಾಗ ನಾನು ಹೇಳಿದ್ದು ನನ್ನಂಥವರಿಲ್ಲ ಅಂತಲೇ? ಹೌದು ಅನ್ನೋಣವೆಂದರೆ ಅದೂ ಪೂರ್ತಿ ಸರಿಯಲ್ಲ. ನನ್ನ ಊರಿನವರೇ ಪ್ರತಿ ಶಿವರಾತ್ರಿಗೆ ಸಾವಿರಗಟ್ಟಲೆ ಈ ಕಾಡನ್ನು ನಡೆದು ದಾಟುತ್ತಾರೆ. ಬೆಂಗಳೂರು, ರಾಮನಗರ, ಕನಕಪುರದ ಕಡೆಯಿಂದ ಹೊರಟ ಮಾದಪ್ಪನ, ಅಂದರೆ ಮಹದೇಶ್ವರನ, ಒಕ್ಕಲು ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ ಹಗ್ಗ ಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು ಹೊಳೆ ದಾಟುತ್ತಾರೆ. ವನ್ಯಧಾಮದೊಳಗೆ ನಡೆದು ಹನೂರು ಸೀಮೆಗೆ ಬೀಳುತ್ತಾರೆ. ತಾಳುಬೆಟ್ಟದಲ್ಲಿ ಕಾಯಿ ಒಡೆದು ಮೇಲಕ್ಕೆ ಹತ್ತುತ್ತಾರೆ. ಮುದುಕರು, ಮಕ್ಕಳು, ಬಾಣಂತನ ಮುಗಿಸಿ ವರ್ಷವಾಗದ ಹೆಣ್ಣುಮಕ್ಕಳು, ಎಲ್ಲರೂ. ಬೆಂಗಳೂರಿನಿಂದ ಕಾಲ್ನಡಿಗೆಯಲ್ಲಿ ಕಾಡು ದಾಟುವ ಇಷ್ಟು ದೊಡ್ಡ ನಡಿಗೆ ಈ ದಿಕ್ಕಿನಲ್ಲಿ ಬೇರೆ ಇಲ್ಲ. ನಡಿಗೆಯ ಹುಚ್ಚಿನವನಾದ ನಾನು ಆ ದಿನಗಳಲ್ಲಿ ಆ ಕಡೆ ತಲೆ ಹಾಕುವುದಿಲ್ಲ.

ಪ್ಲಾಸ್ಟಿಕ್ ಕಾರಣ ಅನ್ನುತ್ತಿದ್ದೆ. ಅದು ಸುಳ್ಳಲ್ಲ. ಜಾತ್ರೆ ಮುಗಿದ ಮೇಲೆ ದಾರಿಯ ಎರಡೂ ಬದಿ ನೀರಿನ ಬಾಟಲಿ, ತಟ್ಟೆ, ಲೋಟ ಬಿದ್ದಿರುತ್ತವೆ. ಉಪ್ಪು ತಗುಲಿದ ಆ ತಟ್ಟೆಗಳನ್ನು ಜಿಂಕೆ, ಆನೆ ನೆಕ್ಕಲು ಬರುತ್ತವೆ. ಆದರೆ ಕಸವೇ ನನ್ನ ಸಂಕಟವಾಗಿದ್ದರೆ ಒಂದು ಗೋಣಿಚೀಲ ಹಿಡಿದು ಆರಿಸಲು ಹೋಗಬಹುದಿತ್ತು. ಹೋಗಲಿಲ್ಲ. ಆ ಗುಂಪಿನಲ್ಲಿ ನಡೆದರೆ ನನ್ನ ನಡಿಗೆಗೆ ಬೆಲೆಯಿಲ್ಲ ಅನ್ನುವುದೇ ಕಾರಣ ಅನ್ನಿಸುತ್ತದೆ ಈಗ. ಬರಿಗಾಲಲ್ಲಿ ಬಂದ ಅರವತ್ತು ದಾಟಿದ ತಾಯಿಯ ಪಕ್ಕದಲ್ಲಿ, ಸಾವಿರಾರು ರೂಪಾಯಿಯ ಬೂಟು ತೊಟ್ಟ ನಾನು ಏನು ಹೇಳಿಕೊಳ್ಳಲಿ?

ಅಂಥ ಒಬ್ಬ ತಾಯಿ ಒಮ್ಮೆ ಸಿಕ್ಕಿದ್ದರು. ಜಾತ್ರೆಯ ದಿನವಲ್ಲ, ಅಮಾವಾಸ್ಯೆಯ ಹಿಂದಿನ ದಿನ. ತಾಳುಬೆಟ್ಟದ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, “ಯಾವ ಹರಕೆ ಮಗಾ?” ಅಂದರು. ಸುಮ್ಮನೆ ಬಂದೆ ಅನ್ನಬಹುದಿತ್ತು. “ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ” ಅಂದೆ. ನಮ್ಮಮ್ಮ ಆಗ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದರು. ಆಕೆ ಅಯ್ಯೋ ಎಂದು ಮರುಗಿ, ಮಡಿಲಿನ ಗಂಟು ಬಿಚ್ಚಿ ಒಂದು ಹಿಡಿ ಪುರಿಕಡಲೆ ಕೊಟ್ಟು, “ಮಾದಪ್ಪ ನೋಡ್ಕತಾನೆ. ಒಬ್ಬೊಬ್ಬನೇ ಹೋಗ್ಬ್ಯಾಡ, ಗುಂಪು ಬಂದ ಮ್ಯಾಲೆ ನಡಿ. ಹೊತ್ತು ಮುಣುಗೋ ಗಂಟ ಕಾಡಲ್ಲಿ ಇರ್ಬ್ಯಾಡ” ಅಂದರು. ಕಾಡಿನಲ್ಲಿ ಕ್ಷೇಮವಾಗಿ ನಡೆಯುವುದು ಹೇಗೆ ಎಂದು ನಾನು ಓದಿದ್ದರಲ್ಲಿ ಬಹುಪಾಲು ಆ ಎರಡು ಮಾತಿನಲ್ಲಿತ್ತು. ಪುರಿ ತಿನ್ನುತ್ತ ಮುಂದೆ ಹೋದೆ. ಗುಂಪಿಗೆ ಕಾಯಲಿಲ್ಲ.

ಯಾಕೆ ಸುಳ್ಳು ಹೇಳಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕಾರಣವಿಲ್ಲದೆ ನಡೆಯುವುದು ತಪ್ಪೇನಲ್ಲ. ನಡೆದರೆ ಮನಸ್ಸು ಹಗುರಾಗುತ್ತದೆ, ಅಷ್ಟು ಸಾಕು. ಆದರೂ ಆಕೆಯ ಮುಂದೆ ಅಷ್ಟು ಸಾಲದು ಅನ್ನಿಸಿತು. ಆಕೆ ದೇವರಿಗೆ ಏನೋ ಒಂದು ತೀರಿಸಲು ಬಂದಿದ್ದರು. ನಾನು ಆ ಬೆಟ್ಟದಿಂದ ಏನೋ ಒಂದು ತೆಗೆದುಕೊಂಡು ಹೋಗಲು ಬಂದಿದ್ದೆ. ತೆಗೆದುಕೊಂಡು ಹೋಗುವವನು ತೀರಿಸುವವನ ವೇಷ ಹಾಕಿದೆ, ಅಷ್ಟೆ. ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿದರೂ ಮನಸ್ಸಿಗೆ ಸಮಾಧಾನವಾಗುವುದಿಲ್ಲ, ಯಾಕೆಂದರೆ ಸುಳ್ಳನ್ನು ವಿವರಿಸುವುದರಲ್ಲೂ ನನಗೆ ಒಂದು ಬಗೆಯ ಹಿತ ಇದೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ಬಿಳಿಗಿರಿ ಸಾಲಿನ ಪೂರ್ವದ ಇಳಿಜಾರು, ಹನೂರಿಗೆ ಮುಖ ಮಾಡಿದ ಒಣಕಾಡು. ಫೆಬ್ರವರಿ ತಿಂಗಳು. ನನ್ನನ್ನು ಕರೆದುಕೊಂಡು ಹೋದವರು ಒಬ್ಬ ಸೋಲಿಗರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಅವರು ನನ್ನನ್ನು ಬುದ್ದಿ ಅನ್ನುತ್ತಿದ್ದರು, ನಾನು ಅವರನ್ನು ನೀನು ಅನ್ನುತ್ತಿದ್ದೆ. ಆಗ ಅದು ಕಿವಿಗೆ ಬೀಳಲೇ ಇಲ್ಲ. ಈಗ ಬರೆಯುವಾಗ ಅವರು ಎಂದು ಬರೆಯುತ್ತಿದ್ದೇನೆ; ಬರಹದಲ್ಲಿ ಮರ್ಯಾದೆ ಕೊಡುವುದು ಸುಲಭ.

ಒಪ್ಪಿಗೆ ಇತ್ತೇ? ಬಾಯಿಮಾತಿನದು. ಪರಿಚಯದವರೊಬ್ಬರು ಹೇಳಿಟ್ಟಿದ್ದರು, ಕಾಗದ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, “ನಮ್ಮಮ್ಮನ ತವರು ಕೊಳ್ಳೇಗಾಲದ ಹತ್ತಿರವೇ” ಎಂಬ ಒಂದು ಮಾತನ್ನು ಎಲ್ಲ ಕಡೆ ಮುಂದೆ ಮಾಡುತ್ತಿದ್ದೆ. ಅಮ್ಮನ ತವರು ನನಗೆ ಕಾಡಿನ ಪಾಸು ಕೊಡುವುದಿಲ್ಲ. ಸಿಕ್ಕಿಬಿದ್ದಿದ್ದರೆ ನಾನು ದಂಡ ಕಟ್ಟಿ ಬೆಂಗಳೂರಿಗೆ ಬರುತ್ತಿದ್ದೆ. ನನ್ನನ್ನು ಕರೆದೊಯ್ದವರ ಮಗ ದಿನಗೂಲಿ ವಾಚರ್ ಆಗಿದ್ದ. ಆ ಕೆಲಸ ಏನಾಗುತ್ತಿತ್ತೋ. ನಾನು ಅದನ್ನು ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಯೋಚಿಸಿದೆ, ಬಿಟ್ಟೆ.

ಎಲೆ ಉದುರಿ ಕಾಡು ಬೋಳಾಗಿತ್ತು, ಆದರೆ ದೂರ ಕಾಣುತ್ತಿರಲಿಲ್ಲ. ಎತ್ತ ನೋಡಿದರೂ ಆಳೆತ್ತರದ ಲಂಟಾನ. ಅವರು ನಡೆಯುತ್ತಲೇ ಹೇಳಿದರು: ಹಿಂದೆ ವರ್ಷಕ್ಕೊಮ್ಮೆ ತರಗು ಬೆಂಕಿ ಹಾಕುತ್ತಿದ್ದೆವು, ಸಣ್ಣ ಬೆಂಕಿ, ಉದುರಿದ ಎಲೆ ಮಾತ್ರ ಸುಡುತ್ತಿತ್ತು, ಆಗ ಈ ಪೊದೆ ಇಷ್ಟು ಇರಲಿಲ್ಲ, ಆನೆ ಎಷ್ಟು ದೂರ ಇದ್ದರೂ ಕಾಣುತ್ತಿತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಆ ಬೆಂಕಿ ನಿಂತಿತು. ನನಗೆ ಆ ಹೊತ್ತಿನಲ್ಲಿ ಅದೊಂದು ಹಳೆಯ ಕಾಲದ ಮಾತು. ಲಂಟಾನದ ನಡುವಿನ ದಾರಿಯಲ್ಲಿ ಮುಂದೆ ನಡೆಯುವವರಿಗೆ ಎರಡು ಮಾರು ಆಚೆ ಏನಿದೆ ಎಂದು ಕಾಣುವುದಿಲ್ಲ, ಅದು ಅವರ ಜೀವದ ಮಾತು ಎಂದು ಹೊಳೆಯಲಿಲ್ಲ. ಹಿಂದೆ ನಡೆಯುವವನಿಗೆ ಮುಂದಿನವರ ಬೆನ್ನು ಕಾಣುತ್ತಿರುತ್ತದೆ.

ಒಂದು ಕಡೆ ನಿಂತರು. ದಾರಿಯ ಮೇಲೆ ಲದ್ದಿ. ಬಗ್ಗಿ ಅದರ ಮೇಲೆ ಹಿಂಗೈ ಇಟ್ಟರು, ತೆಗೆದರು. “ಇನ್ನೂ ಬಿಸಿ ಅದೆ.” ಕಾಲಡಿಯ ಮಣ್ಣನ್ನು ಚಿಟಿಕೆ ತೆಗೆದು ಎದೆಯೆತ್ತರದಿಂದ ಬಿಟ್ಟರು, ಧೂಳು ನಾವು ಹೋಗಬೇಕಾದ ದಿಕ್ಕಿಗೇ ತೇಲಿತು. “ಗಾಳಿ ನಮ್ ಕಡೆಯಿಂದ ಹೋಯ್ತಾ ಅದೆ ಬುದ್ದಿ. ಮಾತಾಡ್ಬ್ಯಾಡಿ.” ಎಡಗಡೆ ಬಿದಿರು ಮುರಿದ ಸದ್ದು. ಆಮೇಲೆ ಹೊಟ್ಟೆಯೊಳಗಿಂದ ಬರುವ ಗುಡುಗಿನಂಥ ಒಂದು ಸದ್ದು, ಬಹಳ ಹತ್ತಿರ. “ಮರಿ ಅದೆ ಜೊತೇಲಿ” ಅಂದರು, ಅದು ಹೇಗೆ ಗೊತ್ತಾಯಿತೋ. ನಾನು ಫೋನ್ ಎತ್ತಿದೆ. ನನಗೆ ಹೆದರಿಕೆಯಾಗಿತ್ತು, ಆದರೂ ಎತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿ, ನನ್ನನ್ನು ಹಿಂದಕ್ಕೆ ತಳ್ಳಿ, ಸದ್ದು ಬಂದ ದಿಕ್ಕಿಗೂ ನನಗೂ ನಡುವೆ ತಾವು ನಿಂತರು. ಹಾಗೇ ಹಿಮ್ಮೆಟ್ಟಿದೆವು, ಒಂದು ಹೆಜ್ಜೆ, ನಿಲ್ಲುವುದು, ಒಂದು ಹೆಜ್ಜೆ. ಹಳ್ಳಕ್ಕೆ ಇಳಿದು, ಗಾಳಿ ಬದಲಾಗುವವರೆಗೆ ಬಂಡೆಯ ಮರೆಯಲ್ಲಿ ಕುಳಿತು, ಬಹಳ ಸುತ್ತು ಹಾಕಿ ಹೋದೆವು.

ಪೊದೆಯ ಸಂದಿಯಲ್ಲಿ ಬೂದುಬಣ್ಣದ ಒಂದು ತುಣುಕು ಬಿಟ್ಟರೆ ನಾನು ಆನೆಯನ್ನು ನೋಡಲಿಲ್ಲ. ಬೆಂಗಳೂರಿಗೆ ಬಂದು ಹೇಳಿದ್ದು, ಆನೆ ಎದುರಾಯಿತು. ಮೊದಲ ಸಲ ಹೇಳುವಾಗ ‘ನಾವು ನಿಧಾನಕ್ಕೆ ಹಿಂದೆ ಸರಿದೆವು’ ಅಂದಿದ್ದೆ. ಹೇಳುತ್ತ ಹೇಳುತ್ತ ‘ನಾವು’ ಹೋಗಿ ‘ನಾನು’ ಬಂತು. ಗಾಳಿ ನೋಡಿದ್ದು ನಾನು, ಲದ್ದಿ ಮುಟ್ಟಿದ್ದೂ ನಾನು. ಯಾರೂ ಪ್ರಶ್ನಿಸಲಿಲ್ಲ. ಫೋಟೋಗಳಲ್ಲಿ ಅವರಿಲ್ಲ, ಇದ್ದ ಒಂದೆರಡನ್ನು ಬೇರೆಯವರಿಗೆ ಕಳಿಸುವ ಮೊದಲು ಅಂಚು ಕತ್ತರಿಸಿದ್ದೆ. ಕಾಡು ಖಾಲಿಯಾಗಿ ಕಾಣಲಿ ಎಂದು.

ಅದೇ ನಡಿಗೆಯಲ್ಲಿ, ಮೇಲೆ ಹೋದ ಮೇಲೆ, ಒಂದು ಚಪ್ಪಟೆ ಕಲ್ಲಿನ ಮೇಲೆ ಚೀಲ ಇಟ್ಟು ನೀರು ಕುಡಿದೆ. ಅವರು ಚಪ್ಪಲಿ ಬಿಟ್ಟು ಬಂದು, ಏನೂ ಹೇಳದೆ ಚೀಲ ಎತ್ತಿ ಪಕ್ಕಕ್ಕಿಟ್ಟು, ಆ ಕಲ್ಲಿನ ಮುಂದೆ ಒಂದು ಸೊಪ್ಪಿನ ಚಿಗುರು ಇಟ್ಟರು. ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ಬಿಳಿಗಿರಿ ಕಾಡಿನ ತಮ್ಮ ಪೂಜೆಯ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ನಾನೂರನ್ನು ಮೀರಿದವು ಎಂದು ಆಮೇಲೆ ಓದಿದೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ, ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ದೊಡ್ಡಸಂಪಿಗೆ ಮರದ ಹೆಸರು ಹೊರಗಿನವರಿಗೂ ಗೊತ್ತು, ಉಳಿದವು ಅವರಿಗೆ ಮಾತ್ರ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ನಾನು ಹೆಸರಿಲ್ಲದ ಗುಡ್ಡ ಎಂದು ಫೋಟೋದ ಕೆಳಗೆ ಬರೆದ ಜಾಗಕ್ಕೆ ಹೆಸರಿತ್ತು, ಕುಲವಿತ್ತು, ಹಕ್ಕುಪತ್ರವೂ ಇದ್ದಿರಬೇಕು.

ಇಷ್ಟನ್ನೂ ಒಪ್ಪಿಕೊಳ್ಳುವುದು ನನಗೆ ಅಷ್ಟು ಕಷ್ಟವಲ್ಲ. ಕಷ್ಟವಾಗುವುದು ಸಂಜೆಯ ಮಾತು. ಆನೆಯ ದೆಸೆಯಿಂದ ಸುತ್ತು ಹಾಕಿದ್ದರಿಂದ ಡಾಂಬರು ರಸ್ತೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ನನ್ನ ಕಾರು ಅಲ್ಲೇ ಇತ್ತು. ಒಂದು ದಿನದ ಕೂಲಿಗಿಂತ ಸ್ವಲ್ಪ ಹೆಚ್ಚು ಎಂದು ನಾನೇ ಲೆಕ್ಕ ಹಾಕಿದ ದುಡ್ಡು ಕೊಟ್ಟೆ. ಅವರು ಎಣಿಸದೆ ಜೇಬಿಗಿಟ್ಟು, “ಬತ್ತೀನಿ ಬುದ್ದಿ” ಎಂದು ತಿರುಗಿ, ಬಂದ ದಾರಿಯಲ್ಲೇ ಕಾಡಿನೊಳಗೆ ಹೋದರು. ಅದೇ ಆನೆಗಳಿದ್ದ ಕಾಡು, ಮರಿ ಇದ್ದ ಹಿಂಡು, ಕತ್ತಲಾಗುವ ಹೊತ್ತು. ಟಾರ್ಚ್ ನನ್ನ ಚೀಲದಲ್ಲಿತ್ತು. ನಾನು ಕಾರು ಹತ್ತಿ, ಒಡೆಯರಪಾಳ್ಯದ ಟಿಬೆಟಿಯನ್ನರ ಹೋಟೆಲಿನಲ್ಲಿ ಬಿಸಿಬಿಸಿ ಮೊಮೊ ತಿಂದು ಬೆಂಗಳೂರಿಗೆ ಬಂದೆ. ತಿನ್ನುವಾಗ ಅವರ ನೆನಪು ಬಂತೇ? ಬರಲಿಲ್ಲ. ಬಂದಿತ್ತು ಎಂದು ಬರೆಯುವ ಆಸೆಯಾಗುತ್ತಿದೆ, ಬರಲಿಲ್ಲ.

ಬಂದದ್ದು ಬಹಳ ದಿನದ ಮೇಲೆ, ಆ ಕಡೆ ಆನೆ ತುಳಿದು ಒಬ್ಬರು ಸತ್ತ ಸುದ್ದಿ ಪತ್ರಿಕೆಯಲ್ಲಿ ಓದುವಾಗ. ಹೆಸರು ನೋಡಿದೆ. ನೋಡಿ ಏನು ಮಾಡುವುದು? ಅವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ಮಾದ, ಜಡೆಯ ಎಂಬ ಹೆಸರಿನವರು ಆ ಸೀಮೆಯಲ್ಲಿ ಮನೆಗೊಬ್ಬರು. ಪರಿಚಯದವರಿಗೆ ಫೋನ್ ಮಾಡಿ ಕೇಳಿದೆ; ಅವರಲ್ಲ, ಚೆನ್ನಾಗಿದ್ದಾರೆ ಅಂದರು. ಸತ್ತವರು ಇನ್ಯಾರೋ ಎಂದು ಗೊತ್ತಾದಾಗ ನನಗೆ ನಿರಾಳವಾಯಿತು. ಆ ನಿರಾಳದಲ್ಲೂ ನನ್ನ ಬಗ್ಗೆ ನನಗೆ ಗೊತ್ತಾಗಬೇಕಾದದ್ದು ಇದೆ.

ಕ್ಷೇಮವಾಗಿ ನಡೆದೆ ಎಂದು ಇಷ್ಟು ವರ್ಷ ಹೇಳಿಕೊಂಡೆನಲ್ಲ, ಆ ಕ್ಷೇಮ ನನ್ನ ಎಚ್ಚರದ್ದಲ್ಲ. ನನ್ನ ಪಾಲಿನ ಅಪಾಯವನ್ನು ಇನ್ನೊಬ್ಬರು ಹೊತ್ತು ಮುಂದೆ ನಡೆದಿದ್ದರು. ಅವರು ಇರಬೇಕು, ಆದರೆ ಕಾಣಬಾರದು. ನನಗೆ ಬೇಕಾದದ್ದು ಇದೇ ಆಗಿತ್ತು.

ಆ ದಾರಿಯ ಹೆಸರನ್ನು ಇಲ್ಲಿ ಬರೆದಿಲ್ಲ, ಗಮನಿಸಿರಬಹುದು. ಕಾಡಿನ ಒಳಿತಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರು ಹೊರಬಿದ್ದರೆ ಮುಂದಿನ ಶನಿವಾರವೇ ಟೆಂಪೋ ಟ್ರಾವೆಲರ್ ನಿಂತಿರುತ್ತದೆ, ನಿಜ. ಆದರೆ ಹೆಸರು ಮುಚ್ಚಿಟ್ಟರೆ ಆ ದಾರಿ ನನ್ನದಾಗಿಯೇ ಉಳಿಯುತ್ತದೆ, ಅದೂ ನಿಜ. ಎರಡರಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ನಾನು ಒತ್ತಿ ಕೇಳಿದಾಗ ಉತ್ತರ ದಿನಕ್ಕೊಂದು ಬಗೆಯಾಗಿ ಬರುತ್ತದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿ, ಆ ಚಿತ್ರಗಳು ಎಲ್ಲೆಡೆ ಹರಿದಾಡಿ, ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನೆಲ್ಲ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ತಾಣ ಬಂದ ಮೇಲೆ ಒಂದೊಂದಾಗಿ ಬಾಗಿಲು ತೆರೆಯಿತು, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕದಲ್ಲಿ. ನಿಲ್ಲಿಸಿದ ದಿನ ನಾನು ಸಿಟ್ಟಾಗಿದ್ದೆ. ಗುಂಪುಗಟ್ಟಿ ಬರುವವರ ತಪ್ಪಿಗೆ ನನಗೇಕೆ ಶಿಕ್ಷೆ ಎಂದು ವಾದಿಸಿದ್ದೆ. ನಾನು ಗುಂಪಿನವನಲ್ಲ ಎಂದು ಆ ಗುಂಪಿನಲ್ಲಿದ್ದ ಪ್ರತಿಯೊಬ್ಬನೂ ಅಂದುಕೊಂಡಿದ್ದಿರಬೇಕು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತಾಗಲೂ ನನಗೆ ಇದೇ ಬುದ್ಧಿ. ನಾನಾಗಿದ್ದರೆ ಆ ತಿಂಗಳು ಒಣಹುಲ್ಲಿನ ಇಳಿಜಾರಿಗೆ ಹೋಗುತ್ತಿರಲಿಲ್ಲ ಅಂದಿದ್ದೆ. ಹೋಗುತ್ತಿದ್ದೆ. ಫೆಬ್ರವರಿಯಲ್ಲಿ ಹನೂರಿನ ಒಣಕಾಡಿಗೆ ಹೋದವನು ಕುರಂಗಣಿಗೆ ಯಾಕೆ ಹೋಗುತ್ತಿರಲಿಲ್ಲ?

ನಾಗಮಲೆಯ ಮಾತು ಇನ್ನೂ ಕೆಟ್ಟದ್ದು. ಮಹದೇಶ್ವರ ಬೆಟ್ಟದಿಂದ ನಾಗಮಲೆಗೆ ಹೋಗುವ ದಾರಿಯಲ್ಲಿ ಇಂಡಿಗನತ್ತ ಎಂಬ ಹಳ್ಳಿ ಸಿಗುತ್ತದೆ. ನಮಗೆ ಅದು ನೀರು ಕುಡಿದು ಮುಂದೆ ಹೋಗುವ ಜಾಗ. ಸರಿಯಾದ ರಸ್ತೆ ಇಲ್ಲದ್ದರಿಂದಲೇ ಆ ದಾರಿ ನಮಗೆ ಚಂದ. ಅಲ್ಲಿಯವರಿಗೆ ರಸ್ತೆ ಇಲ್ಲ ಅಂದರೆ ಬಸುರಿಯನ್ನು ಡೋಲಿಯಲ್ಲಿ ಹೊತ್ತು ತರಬೇಕು, ಮಕ್ಕಳು ಆನೆ ಓಡಾಡುವ ದಾರಿಯಲ್ಲಿ ಶಾಲೆಗೆ ಹೋಗಬೇಕು. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಮೂಲಸೌಕರ್ಯ ಕೊಡಿ ಎಂದು ಕೇಳಿ ಕೇಳಿ ಬೇಸತ್ತು ಮತ ಹಾಕುವುದಿಲ್ಲ ಎಂದವರಿಗೂ ಅಧಿಕಾರಿಗಳಿಗೂ ಜಟಾಪಟಿಯಾಗಿ, ಮತಗಟ್ಟೆ ಧ್ವಂಸವಾಗಿ, ಮೂರು ದಿನದ ನಂತರ ಮರುಮತದಾನ ನಡೆಯಿತು. ಕೇಸು, ಬಂಧನ, ಊರು ಬಿಟ್ಟು ಓಡಿದವರು. ಈ ಸುದ್ದಿ ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ಇದು: ಇನ್ನು ನಾಗಮಲೆಗೆ ಬಿಡುವುದಿಲ್ಲ. ಎರಡನೆಯದು: ಇನ್ನು ಅಲ್ಲಿಗೆ ರಸ್ತೆ ಹಾಕಿಬಿಡುತ್ತಾರೆ. ಆ ಜನ ಮೂರನೆಯವರಾಗಿ ಬಂದರು.

ಕಾಡಿನ ನಡುವೆ ರಸ್ತೆ ಬೇಡ ಅನ್ನುವ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಬಿಳಿಗಿರಿ ಮತ್ತು ಮಲೆ ಮಹದೇಶ್ವರ ಕಾಡುಗಳ ನಡುವೆ ಆನೆಗಳು ಓಡಾಡುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಪಥ ಅದೆಷ್ಟು ಕಿರಿದು ಎಂದು ನೋಡಿದವರು ಆ ವಾದವನ್ನು ಸುಮ್ಮನೆ ತಳ್ಳಿಹಾಕಲಾರರು. ನಾನೂ ಆ ವಾದ ಮಾಡುತ್ತೇನೆ. ಆದರೆ ನನ್ನ ಬಾಯಲ್ಲಿ ಅದು ಆನೆಯ ಪರವಾಗಿ ಎಷ್ಟು, ನನ್ನ ಭಾನುವಾರದ ಪರವಾಗಿ ಎಷ್ಟು ಎಂದು ಬೇರ್ಪಡಿಸಲು ಆಗುತ್ತಿಲ್ಲ. ವಾದ ಸರಿಯಿದ್ದು ವಾದಿಸುವವನ ಮನಸ್ಸು ಸರಿಯಿಲ್ಲದಿದ್ದರೆ ಏನು ಮಾಡಬೇಕು? ಸುಮ್ಮನಿರಬೇಕೋ?

ಆ ಕಾಡಿನ ಮೌನವನ್ನು ನಾನು ಬಹಳ ಹೊಗಳಿದ್ದೇನೆ. ಆ ಮೌನಕ್ಕೂ ಒಂದು ಹಿನ್ನೆಲೆ ಇದೆ. ಗೋಪಿನಾಥಂನ ವೀರಪ್ಪನ್ ಈ ಕಾಡಿನಲ್ಲಿದ್ದಷ್ಟು ಕಾಲ ಹೊರಗಿನವರು ಕಾಲಿಡಲು ಹೆದರಿದರು. ಅವನನ್ನು ಶರಣಾಗಿಸಲು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್‌ನಲ್ಲಿ ಕೊಲೆಯಾದರು; ಗೋಪಿನಾಥಂನ ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ವೀರಪ್ಪನ್ 2004ರ ಅಕ್ಟೋಬರ್‌ನಲ್ಲಿ ಸತ್ತ. ನಡುವಿನ ವರ್ಷಗಳಲ್ಲಿ ಅವನಿಗೆ ಅಕ್ಕಿ ಕೊಟ್ಟಿರಿ ಎಂದು ಪೊಲೀಸರಿಂದಲೂ, ಸುಳಿವು ಕೊಟ್ಟಿರಿ ಎಂದು ಅವನಿಂದಲೂ ಪೆಟ್ಟು ತಿಂದವರು ಈ ಹಳ್ಳಿಗಳವರು. ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಈ ಹಳ್ಳಿಗಳವರ ಭಯ ಉಳಿಸಿಕೊಟ್ಟ ಕಾಡಿನಲ್ಲಿ ನಿಂತು ನಾನು, ಆಹಾ, ಯಾರೂ ಬಂದೇ ಇಲ್ಲ ಅಂದೆ.

2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣುಹುಲಿ, ಅದರ ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು. ಹುಲಿಯೇ ವಾಹನವಾದ ಮಾದಪ್ಪನ ಬೆಟ್ಟದಲ್ಲಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ನಿಜವಾದ ದುಃಖವೇ. ಆದರೆ ಮೊದಲು ಕೇಳಿದ್ದು ದನ ಮೇಯಿಸುವವರನ್ನು ಕಾಡಿನೊಳಗೆ ಬಿಟ್ಟವರು ಯಾರು ಎಂದು. ನನ್ನನ್ನು ಬಿಟ್ಟವರು ಯಾರು ಎಂದು ನಾನು ಎಂದೂ ಕೇಳಿರಲಿಲ್ಲ.

ಇಷ್ಟಾದ ಮೇಲೆ ಬದಲಾಗಿದ್ದೇನೆಯೇ? ಸ್ವಲ್ಪ. ಕಾಗದದ ಅನುಮತಿ ಇಲ್ಲದೆ ಹೋಗುವುದನ್ನು ಬಿಟ್ಟಿದ್ದೇನೆ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಒಣಕಾಡಿನ ತಂಟೆಗೆ ಹೋಗುವುದಿಲ್ಲ. ಮನೆಯಲ್ಲಿ ದಾರಿ, ಜೊತೆಗಾರರು, ಮರಳುವ ಹೊತ್ತು ಬರೆದಿಟ್ಟು ಹೊರಡುತ್ತೇನೆ. ಆ ಕಡೆ ಎಷ್ಟೋ ಜಾಗದಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಕರೆದೊಯ್ಯುವವರ ಹೆಸರು, ಊರು, ಮನೆಯವರ ನಂಬರ್ ಕೇಳಿ ಬರೆದುಕೊಳ್ಳುತ್ತೇನೆ. ದುಡ್ಡು ಎಷ್ಟು ಎಂದು ಅವರನ್ನೇ ಕೇಳುತ್ತೇನೆ, ಚೌಕಾಸಿ ಮಾಡುವುದಿಲ್ಲ. ಹಿರಿಯರನ್ನು ನೀವು ಅನ್ನುತ್ತೇನೆ. ಮೊದಮೊದಲು ಅವರಿಗೇ ಅದು ಮುಜುಗರವಾಗುತ್ತದೆ, ಆಗಲಿ.

ಆದರೆ ಹೊಸ ದಾರಿಯ ಸುದ್ದಿ ಕಿವಿಗೆ ಬಿದ್ದರೆ ಈಗಲೂ ಎದೆ ಕುಣಿಯುತ್ತದೆ. ಯಾರೂ ನೋಡದ ಜಾಗ ಎಂದು ಯಾರಾದರೂ ಅಂದರೆ, ಅದು ಸುಳ್ಳು ಎಂದು ಗೊತ್ತಿದ್ದೂ, ಎಲ್ಲಿ ಎಂದು ಕೇಳುತ್ತೇನೆ. ಈ ಬರಹದಲ್ಲೂ ಆನೆಯ ಘಟನೆಯನ್ನು ಎಷ್ಟು ಸವಿಸ್ತಾರವಾಗಿ ಹೇಳಿದೆ ನೋಡಿ. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲು ಹೇಳಿದೆ ಎಂದು ನಂಬಿದ್ದೇನೆ, ಆದರೆ ಹೇಳುವ ಖುಷಿ ನನ್ನದೇ ಆಗಿತ್ತು. ಅವರನ್ನು ಮತ್ತೆ ಹೋಗಿ ನೋಡಿಲ್ಲ. ಟಾರ್ಚ್ ಒಂದು ಕೊಟ್ಟು ಕಳಿಸಿದೆ, ಪರಿಚಯದವರ ಕೈಯಲ್ಲಿ. ನಾನೇ ಹೋಗಿ ಕೊಡಬಹುದಿತ್ತು. ಮುಖ ನೋಡಿ ಏನು ಹೇಳಲಿ ಎಂದು ತೋಚಲಿಲ್ಲ.

ನೀವು ಆ ಬೆಟ್ಟಗಳಿಗೆ ಹೋಗುವವರಾದರೆ ಒಂದು ಕೇಳಿಕೊಳ್ಳುತ್ತೇನೆ. ಮರಳುವ ಹೊತ್ತನ್ನು ನಿಮ್ಮ ಕಾರಿನ ಲೆಕ್ಕದಲ್ಲಿ ಇಡಬೇಡಿ. ನಿಮ್ಮನ್ನು ರಸ್ತೆಗೆ ಮುಟ್ಟಿಸಿದವರು ಅಲ್ಲಿಂದ ತಮ್ಮ ಪೋಡಿಗೆ ಒಬ್ಬರೇ ನಡೆದು ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟನ್ನೂ ಸೇರಿಸಿ ಲೆಕ್ಕ ಹಾಕಿ. ಚಳಿಗಾಲದಲ್ಲಿ ಆರು ಗಂಟೆಗೇ ಕತ್ತಲಾಗುತ್ತದೆ, ಆನೆಗಳು ನೀರಿಗೆ ಇಳಿಯುವುದೂ ಹೆಚ್ಚಾಗಿ ಆ ಹೊತ್ತಿಗೇ. ತುದಿ ಮುಟ್ಟಿರಲಿ ಬಿಡಲಿ, ಮಧ್ಯಾಹ್ನ ಎರಡರೊಳಗೆ ತಿರುಗಿಬಿಡಿ.